75 ಕೋಟಿಯನ್ನು ಐವರಿಗೆ ಹಂಚುವ ಧರ್ಮ

ಇರುವುದು ಇಷ್ಟೇ, ಬೇಕೆನ್ನುವವರು ಹಲವರು ಎಂದಾಗ ಯಾರಿಗೆ ಎಷ್ಟು ಕೊಟ್ಟರೆ ನ್ಯಾಯ ಎಂಬುದು ಧರ್ಮವಿಚಾರದ ಹಳೆಯ ಪ್ರಶ್ನೆಗಳಲ್ಲೊಂದು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ, ಕೆರೆಯ ನೀರಿನ ಸರದಿಯಲ್ಲಿ, ಸರ್ಕಾರದ ಬಜೆಟ್ಟಿನಲ್ಲಿ ಅದು ಬೇರೆ ಬೇರೆ ವೇಷ ತೊಟ್ಟು ಬರುತ್ತದೆ. ಈಚಿನ ದಿನಗಳಲ್ಲಿ ಅದು ರೂಪಾಯಿ ಲೆಕ್ಕದ ಸಮೇತ ಎಲ್ಲರ ಕಣ್ಣಿಗೂ ಬೀಳುವುದು ಕ್ರಿಕೆಟ್ ತಂಡಗಳ ಆಟಗಾರರ ಪಟ್ಟಿಯಲ್ಲಿ. 2024ರ ಅಕ್ಟೋಬರ್ 31ರಂದು ಐಪಿಎಲ್ ಲೀಗಿನ ಮುಂಬೈ ಇಂಡಿಯನ್ಸ್ ತಂಡ, ಹರಾಜಿಗೆ ಬಿಡದೆ ತಾನು ಉಳಿಸಿಕೊಳ್ಳುವ ಐವರ ಹೆಸರನ್ನು ಪ್ರಕಟಿಸಿತು: ಜಸ್‌ಪ್ರೀತ್ ಬೂಮ್ರಾ 18 ಕೋಟಿ, ಸೂರ್ಯಕುಮಾರ್ ಯಾದವ್ ಮತ್ತು ಹಾರ್ದಿಕ್ ಪಾಂಡ್ಯ ತಲಾ 16.35 ಕೋಟಿ, ರೋಹಿತ್ ಶರ್ಮಾ 16.30 ಕೋಟಿ, ತಿಲಕ್ ವರ್ಮಾ 8 ಕೋಟಿ. ಒಟ್ಟು ಸರಿಯಾಗಿ 75 ಕೋಟಿ. ತಂಡಕ್ಕೆ ಐದು ಸಲ ಕಪ್ ಗೆದ್ದುಕೊಟ್ಟ, ಮುಂಬೈಯ ಬೊರಿವಲಿಯಲ್ಲಿ ಬೆಳೆದ ರೋಹಿತ್ ಈ ಪಟ್ಟಿಯಲ್ಲಿ ನಾಲ್ಕನೆಯವರು. ಅವರಿಗಿಂತ ಒಂದು ಮೆಟ್ಟಿಲು ಮೇಲಿನ ಇಬ್ಬರಿಗೂ ಅವರಿಗೂ ಇರುವ ಅಂತರ ಐದು ಲಕ್ಷ. ಆ ಐದು ಲಕ್ಷ ಯಾವುದರ ಅಳತೆ ಎಂದು ಕೇಳಿದರೆ ಕ್ರಿಕೆಟ್ಟಿನ ಮಾತು ಅಲ್ಲಿಗೆ ನಿಂತು ತತ್ತ್ವದ ಮಾತು ಶುರುವಾಗುತ್ತದೆ.

ಮಿತಿ ಎಂಬ ಏರ್ಪಾಡು

ತಂಡವೊಂದು ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳಕ್ಕೆ ಮೇಲಿನ ಗೆರೆ ಎಳೆಯುವುದು ವೇತನ ಮಿತಿ. ಅಮೆರಿಕದ ಫುಟ್‌ಬಾಲ್ ಲೀಗಿನಲ್ಲಿ ಇದು 1994ರಿಂದ ಇದೆ. 2025ರಲ್ಲಿ ಅಲ್ಲಿನ ಮಿತಿ ತಂಡಕ್ಕೆ 27.92 ಕೋಟಿ ಡಾಲರ್. ಆ ಆಟದಲ್ಲಿ ಪ್ರತಿ ದಾಳಿಯೂ ಶುರುವಾಗುವುದು ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ ಆಟಗಾರನ ಕೈಯಿಂದ. ಅವನೊಬ್ಬನಿಗೆ ವರ್ಷಕ್ಕೆ 6 ಕೋಟಿ ಡಾಲರ್ ಕೊಟ್ಟ ಒಪ್ಪಂದವೂ ಇದೆ. ಅಷ್ಟು ಕೊಟ್ಟ ಮೇಲೆ ಉಳಿದ ಐವತ್ತೆರಡು ಜನರಿಗೆ ಹಂಚಲು ಏನು ಮಿಗುತ್ತದೆ, ಹಳೆಯ ನಾಯಕನನ್ನೇ ನೆಚ್ಚಬೇಕೇ, ಅಗ್ಗಕ್ಕೆ ಸಿಗುವ ಹುಡುಗನನ್ನು ತರಬೇಕೇ ಎಂಬ ವಾದ ಅಲ್ಲಿ ಪ್ರತಿ ಬೇಸಿಗೆಯಲ್ಲೂ ನಡೆಯುತ್ತದೆ.

ಐಪಿಎಲ್‌ನಲ್ಲಿ ಈ ಮಿತಿಗೆ ಬಳಕೆಯ ಹೆಸರು ಪರ್ಸ್. 2008ರ ಫೆಬ್ರುವರಿ 20ರಂದು ಮುಂಬೈಯಲ್ಲಿ ನಡೆದ ಮೊದಲ ಹರಾಜಿನಲ್ಲಿ ಒಂದೊಂದು ತಂಡದ ಪರ್ಸ್ 50 ಲಕ್ಷ ಡಾಲರ್ ಇತ್ತು. 2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯದ ಜಿದ್ದಾದಲ್ಲಿ ನಡೆದ ಮಹಾಹರಾಜಿನ ಹೊತ್ತಿಗೆ ಅದು 120 ಕೋಟಿ ರೂಪಾಯಿಗೆ ಏರಿತ್ತು. ಅದರಲ್ಲಿ ಕನಿಷ್ಠ 18, ಗರಿಷ್ಠ 25 ಆಟಗಾರರ ತಂಡ ಕಟ್ಟಬೇಕು. ಹರಾಜಿಗೆ ಮೊದಲೇ ಐವರನ್ನು ಉಳಿಸಿಕೊಳ್ಳುವುದಾದರೆ ಕ್ರಮವಾಗಿ 18, 14, 11, 18, 14 ಕೋಟಿಯಂತೆ 75 ಕೋಟಿ ಪರ್ಸಿನಿಂದ ಕಳೆಯುತ್ತಿತ್ತು. ಆ ಮೊತ್ತವನ್ನು ಐವರ ನಡುವೆ ಹೇಗೆ ಹಂಚಬೇಕೆಂಬುದು ತಂಡಕ್ಕೆ ಬಿಟ್ಟದ್ದಾಗಿತ್ತು. ಮುಂಬೈ ತನ್ನದೇ ರೀತಿಯಲ್ಲಿ ಹಂಚಿತು. ಮಿಕ್ಕ 45 ಕೋಟಿ ಹಿಡಿದುಕೊಂಡು ಹರಾಜಿಗೆ ಹೋಗಿ ಟ್ರೆಂಟ್ ಬೌಲ್ಟ್‌ಗೆ 12.50 ಕೋಟಿ, ದೀಪಕ್ ಚಾಹರ್‌ಗೆ 9.25 ಕೋಟಿ ತೆತ್ತಿತು. ಒಬ್ಬನಿಗೆ ಹೆಚ್ಚಿಗೆ ಕೊಟ್ಟ ಪ್ರತಿ ರೂಪಾಯಿಯೂ ಇನ್ನೊಬ್ಬನಿಗೆ ಸಿಗದ ರೂಪಾಯಿ. ಸಾಲ ಮಾಡಿಯಾದರೂ ಕೊಡುತ್ತೇನೆ ಎನ್ನಲು ಇಲ್ಲಿ ದಾರಿಯಿಲ್ಲ.

ಹದಿನೆಂಟನೆಯ ಶತಮಾನದ ದಾರ್ಶನಿಕ ಡೇವಿಡ್ ಹ್ಯೂಮ್, ನ್ಯಾಯವೆಂಬ ಗುಣಕ್ಕೆ ಬೆಲೆ ಬರುವುದೇ ಕೊರತೆ ಇದ್ದಾಗ ಎಂದು ವಾದಿಸಿದ್ದ. ಎಲ್ಲರಿಗೂ ಎಲ್ಲವೂ ಹೇರಳವಾಗಿ ಸಿಗುವಲ್ಲಿ ಪಾಲಿನ ಮಾತಿಲ್ಲ. ಯಾರಿಗೂ ಏನೂ ಸಿಗದ ಬರಗಾಲದಲ್ಲಿ ಪಾಲನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಎರಡರ ನಡುವಿನ ಸ್ಥಿತಿಯಲ್ಲೇ ನ್ಯಾಯ ಬೇಕಾಗುವುದು. ಪರ್ಸಿನ ನಿಯಮ ಅಂಥ ಸ್ಥಿತಿಯನ್ನು ಬೇಕೆಂದೇ ಸೃಷ್ಟಿಸುತ್ತದೆ. ಹಣವಂತ ಮಾಲೀಕನಿಗೆ ಎಲ್ಲ ಒಳ್ಳೆಯ ಆಟಗಾರರನ್ನೂ ಕೊಂಡುಬಿಡುವ ಶಕ್ತಿಯಿದ್ದರೂ ನಿಯಮ ಅವನ ಕೈ ಹಿಡಿಯುತ್ತದೆ, ಹಿಡಿದು ಆಯ್ಕೆ ಮಾಡು ಎನ್ನುತ್ತದೆ.

ಹಂಚಿಕೆಯ ಪ್ರಶ್ನೆಗೆ ಎರಡು ಹಂತಗಳಿವೆ ಎಂಬುದನ್ನು ಇಲ್ಲಿಯೇ ಗುರುತಿಸಬೇಕು. ಥೈಲಿಯೊಳಗಿನದನ್ನು ಹಂಚುವುದು ಒಂದು. ಥೈಲಿ ಎಷ್ಟು ದೊಡ್ಡದಿರಬೇಕು ಎಂದು ನಿಶ್ಚಯಿಸುವುದು ಇನ್ನೊಂದು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿಗೆ ಮಾರಾಟವಾಯಿತು, ಅಂದರೆ ವರ್ಷಕ್ಕೆ ಸರಾಸರಿ 9,678 ಕೋಟಿ. 2025ರಲ್ಲಿ ಹತ್ತು ತಂಡಗಳ ಪರ್ಸನ್ನು ಕೂಡಿದರೆ 1,200 ಕೋಟಿ. ಅಮೆರಿಕದ ಫುಟ್‌ಬಾಲಿನಲ್ಲಿ ಆಟಗಾರರ ಸಂಘವು ಲೀಗಿನೊಂದಿಗೆ ಚೌಕಾಸಿ ಮಾಡಿ ಆದಾಯದ ಹತ್ತಿರಹತ್ತಿರ ಅರ್ಧದಷ್ಟನ್ನು ತನ್ನ ಪಾಲೆಂದು ಬರೆಸಿಕೊಂಡಿದೆ. ಇಲ್ಲಿ ಮಿತಿ ಮೇಲಿನಿಂದ ಇಳಿದು ಬರುತ್ತದೆ. 2023ರಲ್ಲಿ ಪುರುಷರ ತಂಡಗಳ ಪರ್ಸ್ 95 ಕೋಟಿ ಇದ್ದಾಗ, ಐಪಿಎಲ್ ನಡೆಸುವ ಕ್ರಿಕೆಟ್ ಮಂಡಳಿಯೇ ಅದೇ ವರ್ಷ ಆರಂಭಿಸಿದ ಮಹಿಳೆಯರ ಲೀಗಿನಲ್ಲಿ ತಂಡದ ಪರ್ಸ್ 12 ಕೋಟಿ. ಆ ಹರಾಜಿನ ಅತ್ಯಧಿಕ ಮೊತ್ತ, ಬೆಂಗಳೂರು ತಂಡ ಸ್ಮೃತಿ ಮಂಧಾನಾಗೆ ಕೊಟ್ಟ 3.40 ಕೋಟಿ. ಥೈಲಿಯೊಳಗೆ ಎಷ್ಟು ನಿಷ್ಪಕ್ಷಪಾತವಾಗಿ ಹಂಚಿದರೂ ಥೈಲಿಯ ಗಾತ್ರದಲ್ಲಿನ ಅನ್ಯಾಯ ಹಾಗೆಯೇ ಉಳಿಯುತ್ತದೆ. ಈ ಬರಹ ಹೆಚ್ಚಾಗಿ ಮೊದಲ ಹಂತವನ್ನು ಕುರಿತದ್ದು; ಎರಡನೆಯದನ್ನು ಮರೆತರೆ ಮೊದಲನೆಯದು ಬರೀ ಲೆಕ್ಕಪತ್ರವಾಗುತ್ತದೆ.

ಒಂದೇ ಶಾಲೆಯ ಇಬ್ಬರು

ರೋಹಿತ್ ಶರ್ಮಾ ಹುಟ್ಟಿದ್ದು 1987ರ ಏಪ್ರಿಲ್ 30ರಂದು, ನಾಗಪುರದಲ್ಲಿ. ತಂದೆ ಸಾರಿಗೆ ಸಂಸ್ಥೆಯೊಂದರ ಗೋದಾಮನ್ನು ನೋಡಿಕೊಳ್ಳುತ್ತಿದ್ದರು. ತಂದೆತಾಯಿಯ ಸಂಸಾರ ಡೊಂಬಿವಲಿಯ ಒಂದೇ ಕೋಣೆಯ ಮನೆಯಲ್ಲಿ. ಹುಡುಗ ಬೆಳೆದದ್ದು ಬೊರಿವಲಿಯಲ್ಲಿ, ಅಜ್ಜ ಅಜ್ಜಿ ಮತ್ತು ಚಿಕ್ಕಪ್ಪಂದಿರ ಮನೆಯಲ್ಲಿ. 1999ರಲ್ಲಿ ಕ್ರಿಕೆಟ್ ಶಿಬಿರ ಸೇರಲು ಹಣ ಕೊಟ್ಟದ್ದು ಚಿಕ್ಕಪ್ಪ. ಆಗ ಆಫ್ ಸ್ಪಿನ್ ಹಾಕುತ್ತಿದ್ದ ಹುಡುಗನನ್ನು ಕಂಡ ಕೋಚ್ ದಿನೇಶ್ ಲಾಡ್, ತಾವಿದ್ದ ಬೊರಿವಲಿಯ ಸ್ವಾಮಿ ವಿವೇಕಾನಂದ ಶಾಲೆಗೆ ಬಾ ಎಂದರು. ಅಲ್ಲಿನ ಫೀಸು ಮನೆಯವರ ಕೈಗೆಟಕುವಂಥದ್ದಲ್ಲ. ಲಾಡ್ ಶಾಲೆಯವರನ್ನು ಒಪ್ಪಿಸಿ ವಿದ್ಯಾರ್ಥಿವೇತನ ಕೊಡಿಸಿದರು. ನಾಲ್ಕು ವರ್ಷ ರೋಹಿತ್ ಒಂದು ಪೈಸೆಯನ್ನೂ ಕಟ್ಟಲಿಲ್ಲ. ಎಂಟನೆಯವನಾಗಿ ಬ್ಯಾಟಿಗಿಳಿಯುತ್ತಿದ್ದ ಹುಡುಗ ಒಂದು ದಿನ ನೆಟ್ಸಿನಲ್ಲಿ ಬ್ಯಾಟ್ ಬೀಸುವುದನ್ನು ಕಂಡು ಇನಿಂಗ್ಸ್ ಆರಂಭಿಸಲು ಕಳುಹಿಸಿದವರೂ ಅವರೇ.

ಕೆಲವು ವರ್ಷಗಳ ಮೇಲೆ ಅದೇ ಕೋಚ್ ಪಾಲ್ಘರ್ ಕಡೆಯ ಇನ್ನೊಬ್ಬ ಹುಡುಗನನ್ನು ಕಂಡರು. ಕಿಟ್ ಬ್ಯಾಗ್ ಹೊತ್ತು ಲೋಕಲ್ ರೈಲಿನಲ್ಲಿ ಎರಡು ಗಂಟೆಗೂ ಮಿಕ್ಕಿ ಪ್ರಯಾಣ ಮಾಡಿ ಬರುತ್ತಿದ್ದ ಶಾರ್ದೂಲ್ ಠಾಕೂರ್‌ನನ್ನು ಲಾಡ್ ಬೊರಿವಲಿಯ ತಮ್ಮ ಮನೆಯಲ್ಲೇ ಇರಿಸಿಕೊಂಡು ಅದೇ ಶಾಲೆಗೆ ಸೇರಿಸಿದರು. ಇಬ್ಬರೂ ಭಾರತಕ್ಕೆ ಆಡಿದರು. 2022ರಲ್ಲಿ ಲಾಡ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. 2024ರ ನವೆಂಬರ್ ಮುಗಿಯುವ ಹೊತ್ತಿಗೆ ಅವರ ಶಿಷ್ಯರಲ್ಲಿ ಒಬ್ಬನ ಬೆಲೆ 16.30 ಕೋಟಿ. ಇನ್ನೊಬ್ಬನ ಹೆಸರನ್ನು ಜಿದ್ದಾದ ಹರಾಜುಗಾರ್ತಿ 2 ಕೋಟಿಯ ಮೂಲ ಬೆಲೆಗೆ ಕೂಗಿದಾಗ ಹತ್ತು ಮೇಜುಗಳಲ್ಲಿ ಒಂದರಿಂದಲೂ ಫಲಕ ಏಳಲಿಲ್ಲ. ಆತ ‘ಅನ್‌ಸೋಲ್ಡ್’.

ಪ್ರತಿಭೆಯ ಗಳಿಕೆ ಯಾರಿಗೆ ಸೇರಬೇಕು ಎಂಬ ಬಗ್ಗೆ ಕಳೆದ ಶತಮಾನದ ಇಬ್ಬರು ಅಮೆರಿಕನ್ ದಾರ್ಶನಿಕರ ನಡುವೆ ಹೆಸರಾದ ಭಿನ್ನಾಭಿಪ್ರಾಯವಿದೆ. 1971ರಲ್ಲಿ ಜಾನ್ ರಾಲ್ಸ್, ಹುಟ್ಟಿನಿಂದ ಬಂದ ಚಾತುರ್ಯ, ಬೆಳೆದ ಮನೆ, ಸಿಕ್ಕ ಗುರು ಇವೆಲ್ಲ ಯಾರೂ ಸಂಪಾದಿಸಿದ್ದಲ್ಲ, ಲಾಟರಿಯಂತೆ ಬಿದ್ದದ್ದು ಎಂದ. ಅವುಗಳ ಫಲದಲ್ಲಿ ಕೆಳಗಿರುವವರಿಗೂ ಒಳಿತಾಗುವಂತೆ ಸಮಾಜದ ನಿಯಮಗಳಿರಬೇಕು ಎಂದ. 1974ರಲ್ಲಿ ರಾಬರ್ಟ್ ನೋಜಿಕ್ ಅದನ್ನು ಎದುರಿಸಲು ಎತ್ತಿಕೊಂಡ ಉದಾಹರಣೆ ಒಬ್ಬ ಆಟಗಾರನದೇ: ಬ್ಯಾಸ್ಕೆಟ್‌ಬಾಲ್‌ನ ವಿಲ್ಟ್ ಚೇಂಬರ್ಲೇನ್. ಹತ್ತು ಲಕ್ಷ ಜನ ಅವನ ಆಟ ನೋಡಲೆಂದು ತಾವಾಗಿ ಇಪ್ಪತ್ತೈದು ಸೆಂಟ್ ಹೆಚ್ಚಿಗೆ ಕೊಟ್ಟರೆ ಎರಡೂವರೆ ಲಕ್ಷ ಡಾಲರ್ ಅವನದಾಗುತ್ತದೆ. ಒಪ್ಪಿ ಕೊಟ್ಟದ್ದನ್ನು ಕಿತ್ತುಕೊಳ್ಳಲು ಯಾರಿಗೆ ಹಕ್ಕಿದೆ? ನೋಜಿಕ್‌ನ ಮಾತನ್ನು ಒಪ್ಪಿದರೆ ವೇತನ ಮಿತಿಯೇ ಆಟಗಾರನ ಮೇಲಿನ ಅತಿಕ್ರಮಣ. ಬೊರಿವಲಿಯ ಈ ಇಬ್ಬರ ಕತೆ ರಾಲ್ಸ್ ಕಡೆಗೆ ವಾಲುತ್ತದೆ. ಚಿಕ್ಕಪ್ಪನ ಹಣ, ಮನ್ನಾ ಆದ ಫೀಸು, ಕೋಚ್‌ನ ಮನೆಯ ಊಟ ಇವುಗಳಲ್ಲಿ ಒಂದು ಇಲ್ಲದಿದ್ದರೂ ಹರಾಜಿನ ಪಟ್ಟಿಗೆ ಹೆಸರು ಬರುತ್ತಿರಲಿಲ್ಲ. ನೋಜಿಕ್‌ನ ಮಾತೂ ಪೂರ್ತಿ ಬೀಳುವುದಿಲ್ಲ: ಅದೇ ಸಹಾಯ ಪಡೆದ ನೂರು ಹುಡುಗರಲ್ಲಿ ಬೆಳಗಿನ ಜಾವ ಎದ್ದು ಬ್ಯಾಟ್ ಹಿಡಿದವನ ಶ್ರಮ ಅವನದೇ.

ಮೂರು ಅಳತೆಗೋಲುಗಳು

ಯೋಗ್ಯತೆಗೆ ತಕ್ಕ ಪಾಲು ಎಂದು ಅರಿಸ್ಟಾಟಲ್ ಹೇಳಿದ. ಕೊಳಲುಗಳನ್ನು ಹಂಚುವುದಾದರೆ ಶ್ರೀಮಂತನಿಗೂ ಅಲ್ಲ, ಕುಲೀನನಿಗೂ ಅಲ್ಲ, ಚೆನ್ನಾಗಿ ನುಡಿಸುವವನಿಗೆ ಒಳ್ಳೆಯ ಕೊಳಲು ಸಲ್ಲಬೇಕು ಎಂಬುದು ಅವನ ನಿದರ್ಶನ. ಕೊಳಲಿನ ಮಟ್ಟಿಗೆ ಮಾತು ಸರಳ. ತಂಡದ ವಿಷಯದಲ್ಲಿ ಯೋಗ್ಯತೆ ಎಂಬುದು ಯಾವ ಕಾಲದ್ದು ಎಂಬ ಕಗ್ಗಂಟು ಎದುರಾಗುತ್ತದೆ: ನಿನ್ನೆಯದೇ, ಇಂದಿನದೇ, ನಾಳೆಯದೇ?

ನಿನ್ನೆಯ ಲೆಕ್ಕದಲ್ಲಿ ರೋಹಿತ್ ಮೊದಲಿಗರು. 2013ರ ಋತುವಿನ ನಡುವೆ ನಾಯಕತ್ವ ವಹಿಸಿಕೊಂಡು ಅದೇ ವರ್ಷ, ಆಮೇಲೆ 2015, 2017, 2019, 2020ರಲ್ಲಿ ಕಪ್ ಗೆದ್ದರು. ಇಂದಿನ ಲೆಕ್ಕದಲ್ಲಿ ಬೂಮ್ರಾಗೆ ಸರಿಸಾಟಿಯಿಲ್ಲ. ನಾಳೆಯ ಲೆಕ್ಕ ತಿಲಕ್ ವರ್ಮಾ: 2022ರಲ್ಲಿ 1.70 ಕೋಟಿಗೆ ಬಂದ ಹುಡುಗನನ್ನು ಇಪ್ಪತ್ತೊಂದರ ವಯಸ್ಸಿನಲ್ಲಿ 8 ಕೋಟಿಗೆ ಉಳಿಸಿಕೊಂಡರು. ಪಟ್ಟಿ ಪ್ರಕಟವಾದ ಮರುತಿಂಗಳೇ ಆತ ದಕ್ಷಿಣ ಆಫ್ರಿಕಾದಲ್ಲಿ ಸಾಲಾಗಿ ಎರಡು ಟಿ20 ಪಂದ್ಯಗಳಲ್ಲಿ ಶತಕ ಹೊಡೆದ. ಮೂರು ಗೋಲುಗಳೂ ನಿಜವಾದವೇ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದಾಗ ಜಗಳ ಏಳುತ್ತದೆ.

ಅಂಥ ಜಗಳಕ್ಕೆ ಮುಂಬೈಯೇ ಸಾಕ್ಷಿ. 2022ರ ಹರಾಜಿಗೆ ಮೊದಲು ರೋಹಿತ್‌ಗೆ 16, ಬೂಮ್ರಾಗೆ 12, ಸೂರ್ಯಕುಮಾರ್‌ಗೆ 8, ಕೀರನ್ ಪೊಲಾರ್ಡ್‌ಗೆ 6 ಕೋಟಿ ಎಂದು ಲೆಕ್ಕ ಹಾಕಿದ ತಂಡ ಹಾರ್ದಿಕ್ ಪಾಂಡ್ಯರನ್ನು ಬಿಟ್ಟುಕೊಟ್ಟಿತು. ಹಾರ್ದಿಕ್ ಗುಜರಾತ್ ಟೈಟನ್ಸ್ ನಾಯಕರಾಗಿ ಮೊದಲ ವರ್ಷವೇ ಕಪ್ ಗೆದ್ದರು. 2023ರ ನವೆಂಬರಿನಲ್ಲಿ ಅವರನ್ನು 15 ಕೋಟಿಗೆ ವಾಪಸು ತರಬೇಕೆಂದಾಗ ಪರ್ಸಿನಲ್ಲಿ ಜಾಗವಿರಲಿಲ್ಲ. ಕ್ಯಾಮರೂನ್ ಗ್ರೀನ್ ಅವರನ್ನು 17.50 ಕೋಟಿಗೆ ಬೆಂಗಳೂರು ತಂಡಕ್ಕೆ ಕೊಟ್ಟು ಜಾಗ ಮಾಡಿಕೊಂಡರು. ಡಿಸೆಂಬರ್ 15ರಂದು ನಾಯಕತ್ವವೂ ರೋಹಿತ್‌ರಿಂದ ಹಾರ್ದಿಕ್‌ಗೆ ಹೋಯಿತು. ಆಡಳಿತ ನಾಳೆಯ ಗೋಲಿನಲ್ಲಿ ಅಳೆದಿತ್ತು. ಪ್ರೇಕ್ಷಕರ ಕೈಯಲ್ಲಿದ್ದದ್ದು ನಿನ್ನೆಯ ಗೋಲು. 2024ರಲ್ಲಿ ವಾಂಖೆಡೆಯಲ್ಲಿ ತಮ್ಮದೇ ತಂಡದ ನಾಯಕ ಟಾಸಿಗೆ ಬಂದಾಗ ಜನ ಹೀಯಾಳಿಸಿ ಕೂಗಿದರು. ಹದಿನಾಲ್ಕು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದ ತಂಡ ಕೊನೆಯ ಸ್ಥಾನಕ್ಕಿಳಿಯಿತು.

ಹಿಂದೆ ಮಾಡಿದ ಉಪಕಾರಕ್ಕೆ ಋಣವಿದೆಯೇ ಎಂಬುದು ಇಲ್ಲಿನ ತಿರುಳು. ಭಾರತೀಯ ಧರ್ಮವಿಚಾರದಲ್ಲಿ ಋಣ ದೊಡ್ಡ ಮಾತು. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಹೊತ್ತು ಬರುತ್ತಾನೆ ಎಂಬ ನಂಬಿಕೆ ವೇದಕಾಲದಷ್ಟು ಹಳೆಯದು. ಆದರೆ ಅಂಥ ಋಣ ತೀರುವುದು ಯಜ್ಞ, ಅಧ್ಯಯನ, ಸಂತಾನದಿಂದ. ಯಾವ ಋಣವನ್ನು ಯಾವುದರಿಂದ ತೀರಿಸಬೇಕು ಎಂಬ ವಿವೇಕ ಆ ಕಲ್ಪನೆಯಲ್ಲೇ ಅಡಗಿದೆ. ಐದು ಕಪ್ಪುಗಳ ಋಣವನ್ನು ಗೌರವದಿಂದ, ಸರಿಯಾದ ಹೊತ್ತಿಗೆ ಆಡುವ ನೇರ ಮಾತಿನಿಂದ ತೀರಿಸಬಹುದು. ಮುಂದಿನ ವರ್ಷದ ಸಂಬಳದಿಂದಲೇ ತೀರಿಸಬೇಕೆಂದಿಲ್ಲ. ಪಟ್ಟಿ ಪ್ರಕಟವಾದ ದಿನ ರೋಹಿತ್ ಆಡಿದ ಮಾತಿನ ಸಾರವೂ ಇದರ ಹತ್ತಿರಕ್ಕೆ ಬರುತ್ತದೆ: ತಾನು ದೇಶದ ಪರ ಟಿ20 ಆಡುವುದನ್ನು ಬಿಟ್ಟಾಗಿದೆ, ಈಗ ಆಡುತ್ತಿರುವವರಿಗೆ ಮೊದಲ ಪಾಲು ಸಲ್ಲಬೇಕು, ತನಗೆ ಸಿಕ್ಕ ಜಾಗ ಸರಿಯಾದದ್ದೇ ಎಂದರು. ಹಾಗೆ ನೋಡಿದರೆ ಆ ಐದು ಲಕ್ಷ ಅಳೆಯುವುದು ಐದು ಕಪ್ಪುಗಳನ್ನಲ್ಲ, ಮುಂದಿನ ಸಾಲಿನಲ್ಲಿ ನಿಲ್ಲುವ ಕ್ರಮವನ್ನು.

ಗೆಲುವಿನ ಐದು ಕಾರಣ

ಯೋಗ್ಯತೆಗೆ ತಕ್ಕ ಪಾಲು ಎನ್ನಬೇಕಾದರೆ ಗೆಲುವಿನಲ್ಲಿ ಯಾರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರಬೇಕು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಇದನ್ನು ಸಂದೇಹಿಸುತ್ತದೆ. ಯಾವುದೇ ಕರ್ಮ ನಡೆಯಲು ಐದು ಕಾರಣಗಳು ಕೂಡಬೇಕು ಎನ್ನುತ್ತದೆ ಅದು: ಅಧಿಷ್ಠಾನ ಅಂದರೆ ನಿಲ್ಲುವ ನೆಲೆ, ಕರ್ತೃ, ಕರಣ ಅಂದರೆ ಸಾಧನಗಳು, ಬಗೆಬಗೆಯ ಚೇಷ್ಟೆ ಅಂದರೆ ಪ್ರಯತ್ನಗಳು, ಐದನೆಯದು ದೈವ. ಇವನ್ನೆಲ್ಲ ಬಿಟ್ಟು ತಾನೊಬ್ಬನೇ ಮಾಡಿದೆ ಎಂದು ಕಾಣುವವನಿಗೆ ಕಣ್ಣಿದ್ದೂ ಕಾಣುವುದಿಲ್ಲ ಎಂಬುದು ಅದರ ನಿಲುವು.

2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ನಡೆದ ವಿಶ್ವಕಪ್ ಫೈನಲಿನ ಕೊನೆಯ ಓವರ್ ಇದಕ್ಕೆ ವ್ಯಾಖ್ಯಾನದಂತಿದೆ. ದಕ್ಷಿಣ ಆಫ್ರಿಕಾಕ್ಕೆ ಆರು ಎಸೆತಗಳಲ್ಲಿ 16 ರನ್ ಬೇಕು. ಚೆಂಡು ಹಾರ್ದಿಕ್ ಕೈಯಲ್ಲಿ. ಮೊದಲ ಎಸೆತ ಫುಲ್‌ಟಾಸ್ ಆಯಿತು, ಅಂದರೆ ಬೌಲರ್ ಅಂದುಕೊಂಡದ್ದು ಕೈಗೂಡಲಿಲ್ಲ. ಡೇವಿಡ್ ಮಿಲ್ಲರ್ ಎತ್ತಿ ಬಾರಿಸಿದ ಚೆಂಡು ಲಾಂಗ್ ಆಫ್ ಗೆರೆಯತ್ತ ಹೋಯಿತು. ಓಡಿಬಂದ ಸೂರ್ಯಕುಮಾರ್ ಅದನ್ನು ಹಿಡಿದು, ಕಾಲು ಗೆರೆ ದಾಟುವ ಮುನ್ನ ಮೇಲಕ್ಕೆ ತೂರಿ, ಹೊರಗೆ ಹೋಗಿ ಒಳಗೆ ಬಂದು ಮತ್ತೆ ಹಿಡಿದರು. ಭಾರತ ಏಳು ರನ್ನಿನಿಂದ ಗೆದ್ದಿತು. ಅದಕ್ಕೆ ಮುಂಚೆ ಪಂದ್ಯವನ್ನು ಕೈಗೆ ತಂದುಕೊಟ್ಟದ್ದು ಬೂಮ್ರಾರ ನಾಲ್ಕು ಓವರುಗಳು, 18 ರನ್ನಿಗೆ ಎರಡು ವಿಕೆಟ್. ಟೂರ್ನಿಯ ಶ್ರೇಷ್ಠ ಆಟಗಾರ ಆದದ್ದೂ ಅವರೇ. ನಾಯಕ ರೋಹಿತ್. ನಾಲ್ವರೂ ಒಂದೇ ಐಪಿಎಲ್ ತಂಡದವರು, ನಾಲ್ಕು ತಿಂಗಳ ಮೇಲೆ ಒಂದೇ ಪಟ್ಟಿಯಲ್ಲಿ ಮೂರು ಬೆಲೆ ಹೊತ್ತವರು. ಆ ಒಂದು ಎಸೆತದ ಶ್ರೇಯಸ್ಸನ್ನೇ ಬೌಲರ್, ಹಿಡಿದವನು, ಅಲ್ಲಿ ನಿಲ್ಲಿಸಿದ ನಾಯಕ, ಅರ್ಧ ಗೇಣಿನಷ್ಟು ಆಚೆ ಇದ್ದ ಗೆರೆ ಇವುಗಳ ನಡುವೆ ಶೇಕಡಾವಾರು ಹಂಚಿ ಕೊಡಿ ಎಂದರೆ ಯಾವ ಲೆಕ್ಕಿಗನಿಗೂ ಸಾಧ್ಯವಾಗದು.

ಇದರಿಂದ ಬೆಲೆ ಕಟ್ಟುವುದೇ ತಪ್ಪು ಎಂದಾಗುವುದಿಲ್ಲ. ಬೆಲೆ ಕಟ್ಟುವವನು ಅಳೆಯುತ್ತಿರುವುದು ಆಟಗಾರನ ಕರ್ತೃತ್ವವನ್ನು ಪೂರ್ತಿಯಾಗಿ ಅಲ್ಲ ಎಂಬುದಷ್ಟೇ ತೀರ್ಮಾನ. ಅವನು ಅಳೆಯುವುದು ತಂಡದಲ್ಲಿ ಖಾಲಿ ಇರುವ ಜಾಗವನ್ನು. ಹೊಸ ಚೆಂಡಿಗೆ ಬೌಲರ್ ಇಲ್ಲದ ತಂಡಕ್ಕೆ ಬೌಲ್ಟ್ 12.50 ಕೋಟಿ, ಇಬ್ಬರು ಆಗಲೇ ಇರುವ ತಂಡಕ್ಕೆ ಅದೇ ಬೌಲ್ಟ್ ಒಂದು ಕೋಟಿಗೂ ದುಬಾರಿ. 2025ರಿಂದ ಜಾರಿಗೆ ಬಂದ ಪಂದ್ಯದ ಸಂಭಾವನೆ ಈ ಭೇದವನ್ನು ತಿಳಿದೋ ತಿಳಿಯದೆಯೋ ಒಪ್ಪಿಕೊಂಡಂತಿದೆ: 18 ಕೋಟಿಯವನಿರಲಿ 30 ಲಕ್ಷದವನಿರಲಿ, ಕಣಕ್ಕಿಳಿದ ಪ್ರತಿ ಪಂದ್ಯಕ್ಕೂ ತಲಾ 7.50 ಲಕ್ಷ. ಜಾಗದ ಬೆಲೆಯಲ್ಲಿ ತಾರತಮ್ಯವಿದೆ, ಮಾಡಿದ ಕೆಲಸದ ಕೂಲಿ ಎಲ್ಲರಿಗೂ ಒಂದೇ.

ಹಂಚುವವನ ನಾಲ್ಕು ದೋಷ

ಅಳತೆ ಎಷ್ಟೇ ಚೆನ್ನಾಗಿದ್ದರೂ ಅಳೆಯುವ ಕೈ ನಡುಗಿದರೆ ಫಲವಿಲ್ಲ. ಈ ಬಗ್ಗೆ ಆಳವಾಗಿ ಯೋಚಿಸಿದ ಸಮುದಾಯವೊಂದು ಶತಮಾನಗಳ ಕಾಲ ಬಾಳಿದ್ದು ಬೊರಿವಲಿಯ ಬೆಟ್ಟದಲ್ಲೇ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ಕಪ್ಪುಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಕಾನ್ಹೇರಿ ಗುಹೆಗಳು ಬೌದ್ಧ ಭಿಕ್ಷುಗಳ ವಸತಿ. ಅಲ್ಲಿನ ಶಾಸನಗಳಲ್ಲಿ ಕನ್ನಡಿಗರಿಗೆ ಪರಿಚಿತ ಹೆಸರೊಂದಿದೆ: ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ. ಅವನ ಕಾಲದಲ್ಲಿ, ಅವನ ಸಾಮಂತರಾದ ಶಿಲಾಹಾರರು ಕೊಂಕಣವನ್ನು ಆಳುತ್ತಿದ್ದಾಗ, ಗೌಡ ದೇಶದಿಂದ ಬಂದ ಅವಿಘ್ನಾಕರ ಎಂಬ ಉಪಾಸಕ ನೂರು ದ್ರಮ್ಮ ನಾಣ್ಯಗಳ ದತ್ತಿ ಬಿಟ್ಟ. ಇಂಥ ದತ್ತಿಗಳಿಗೆ ಅಕ್ಷಯನೀವಿ ಎಂದು ಹೆಸರು; ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯಿಂದ ಭಿಕ್ಷುಗಳ ಬಟ್ಟೆಬರೆ ನಡೆಯಬೇಕು. ಇದೂ ಮಿತಿಯುಳ್ಳ ಥೈಲಿಯೇ, ಇದನ್ನೂ ಹಂಚಬೇಕಿತ್ತು.

ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕ ಅದಕ್ಕೆ ಕ್ರಮ ಹಾಕಿಕೊಟ್ಟಿದೆ. ಊಟದ ಆಹ್ವಾನಗಳನ್ನು ಭಿಕ್ಷುಗಳಿಗೆ ಹಂಚಲು ಸಂಘ ಒಬ್ಬ ಭತ್ತುದ್ದೇಸಕನನ್ನು ನೇಮಿಸಬೇಕು. ಅವನು ನಾಲ್ಕು ಅಡ್ಡದಾರಿ ಹಿಡಿಯದವನಾಗಿರಬೇಕು: ಛಂದ, ದೋಸ, ಮೋಹ, ಭಯ. ಅಂದರೆ ಒಲವು, ಹಗೆ, ಮರುಳು, ಹೆದರಿಕೆ. ಐದನೆಯದಾಗಿ, ಯಾರಿಗೆ ಕೊಟ್ಟಾಯಿತು, ಯಾರಿಗೆ ಕೊಟ್ಟಿಲ್ಲ ಎಂಬುದು ಅವನಿಗೆ ನೆನಪಿರಬೇಕು.

ಹರಾಜಿನ ಮೇಜಿಗೆ ಈ ಪಟ್ಟಿಯನ್ನು ಹಾಗೇ ಒಯ್ಯಬಹುದು. ಕಪ್ ಗೆದ್ದುಕೊಟ್ಟವನೆಂಬ ಮಮತೆಗೆ ಕಾಲು ಸೋತ ಆಟಗಾರನನ್ನು ದುಬಾರಿ ಬೆಲೆಗೆ ಉಳಿಸಿಕೊಂಡರೆ ಅದು ಛಂದ. ನಮ್ಮನ್ನು ಬಿಟ್ಟುಹೋದವನೆಂಬ ಸಿಟ್ಟಿಗೆ ಬೇಕಾದವನನ್ನೂ ಕೂಗದೆ ಬಿಟ್ಟರೆ ದೋಸ. ಇಬ್ಬರು ಪಟ್ಟು ಹಿಡಿದು ಫಲಕ ಎತ್ತುತ್ತಿರುವಾಗ ಆಟಗಾರ ಮರೆತು ಗೆಲ್ಲುವ ಹಟವೊಂದೇ ಉಳಿದರೆ ಮೋಹ. ಹರಾಜಿನ ಲಯವೇ ಅದನ್ನು ಕೆರಳಿಸುವಂತಿದೆ. ಅಭಿಮಾನಿಗಳು ಏನೆನ್ನುತ್ತಾರೋ ಎಂದು ಲೆಕ್ಕಕ್ಕೆ ವಿರುದ್ಧವಾಗಿ ನಡೆದರೆ ಭಯ. ಬೇರೆ ಬೇರೆಯಾಗಿ ಕಾಣುವ ತಪ್ಪುಗಳೆಲ್ಲ ಬಹುಮಟ್ಟಿಗೆ ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತವೆ. ಐದನೆಯ ಗುಣದ ಮಹತ್ವವೂ ಇಲ್ಲೇ ಗೊತ್ತಾಗುವುದು: ಪರ್ಸಿನಲ್ಲಿ ಎಷ್ಟು ಉಳಿದಿದೆ, ಇನ್ನೆಷ್ಟು ಜಾಗ ತುಂಬಬೇಕು ಎಂಬುದನ್ನು ನೆನಪಿಡದವನು ಮಧ್ಯಾಹ್ನವೇ ಬರಿಗೈಯಾಗಿ, ಸಂಜೆ ಬರುವ ಒಳ್ಳೆಯ ಹೆಸರುಗಳಿಗೆ ಸುಮ್ಮನೆ ಕೂರಬೇಕಾಗುತ್ತದೆ. ನ್ಯಾಯಕ್ಕೆ ನಿರ್ಮಲ ಮನಸ್ಸಷ್ಟೇ ಸಾಲದು, ಲೆಕ್ಕದ ಪುಸ್ತಕವೂ ಬೇಕು ಎಂಬ ಈ ತಿಳಿವಳಿಕೆ ಭಿಕ್ಷುಗಳದು.

ತಾನೇ ಎಳೆದುಕೊಂಡ ಗೆರೆ

ಅದೇ ಉದ್ಯಾನದ ಬದಿಯಲ್ಲಿ ಪೋದನಪುರ ಎಂಬ ಜೈನ ಕ್ಷೇತ್ರವಿದೆ. ಆದಿನಾಥ, ಭರತ, ಬಾಹುಬಲಿಯರ ಮೂರು ಎತ್ತರದ ವಿಗ್ರಹಗಳಿರುವುದರಿಂದ ಜನ ಅದನ್ನು ತೀನ್ ಮೂರ್ತಿ ಎನ್ನುತ್ತಾರೆ. ಪೋದನಪುರ ಬಾಹುಬಲಿಯ ರಾಜಧಾನಿಯ ಹೆಸರು. ಪಂಪ 941ರಲ್ಲಿ ರಚಿಸಿದ ಆದಿಪುರಾಣದಿಂದ, 981ರಲ್ಲಿ ಶ್ರವಣಬೆಳಗೊಳದಲ್ಲಿ ನಿಂತ ಗೊಮ್ಮಟನಿಂದ ಆ ಕತೆ ಕನ್ನಡಿಗರ ಮನೆಮಾತು. ಸೈನ್ಯಗಳು ಸಾಯುವುದು ಬೇಡ, ಅಣ್ಣ ಭರತ, ತಮ್ಮ ಬಾಹುಬಲಿ ಇಬ್ಬರೇ ಸ್ಪರ್ಧಿಸಲಿ ಎಂದು ಮಂತ್ರಿಗಳು ಸೂಚಿಸುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಯುದ್ಧವನ್ನು ನಿಯಮವಿರುವ ಪಂದ್ಯವಾಗಿಸಿದ ಕತೆ ಇದು. ಮೂರರಲ್ಲೂ ಗೆದ್ದ ತಮ್ಮ, ಗೆದ್ದದ್ದನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೋಗುತ್ತಾನೆ.

ಸಂಸಾರಿಗಳೆಲ್ಲ ಬಾಹುಬಲಿಯಾಗಲಾರರು. ಅವರಿಗಾಗಿ ಜೈನಧರ್ಮ ಪರಿಗ್ರಹ ಪರಿಮಾಣ ಎಂಬ ಅಣುವ್ರತವನ್ನು ಇಟ್ಟಿದೆ. ಹೊಲ, ಮನೆ, ಬೆಳ್ಳಿ, ಬಂಗಾರ, ಹಣ, ಧಾನ್ಯ ಇಂತಿಂಥದು ಇಷ್ಟಿಷ್ಟು ಸಾಕು ಎಂದು ಗೃಹಸ್ಥ ತಾನೇ ಗೆರೆ ಎಳೆದುಕೊಳ್ಳಬೇಕು. ಲೀಗಿನ ವೇತನ ಮಿತಿಗೂ ಈ ವ್ರತಕ್ಕೂ ಆಕಾರ ಒಂದೇ, ಜೀವ ಬೇರೆ. ಒಂದು ಹೊರಗಿನಿಂದ ಬಂದ ನಿಯಮ. ಅದರ ಸಂದುಗಳನ್ನು ಹುಡುಕುವುದೇ ಜಾಣತನ. ಇನ್ನೊಂದು ಒಳಗಿನಿಂದ ಬಂದ ಸಂಕಲ್ಪ. ಅದರಲ್ಲಿ ಸಂದು ಹುಡುಕಿದರೆ ಮೋಸ ಹೋಗುವವನು ತಾನೇ.

ಹೊರಗಿನ ಮಿತಿ ಒಳಗಿನದಾಗಿ ಮಾರ್ಪಟ್ಟ ನಿದರ್ಶನ ಐಪಿಎಲ್‌ನ ಮೊದಲ ವರ್ಷದಲ್ಲೇ ಸಿಗುತ್ತದೆ. ಆಗ ಕೆಲವು ತಂಡಗಳಿಗೆ ‘ಐಕಾನ್’ ಆಟಗಾರರಿದ್ದರು: ಮುಂಬೈಗೆ ಸಚಿನ್ ತೆಂಡೂಲ್ಕರ್, ಬೆಂಗಳೂರಿಗೆ ರಾಹುಲ್ ದ್ರಾವಿಡ್. ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ 15ರಷ್ಟು ಹೆಚ್ಚು ಐಕಾನ್‌ಗೆ ಸಲ್ಲಬೇಕೆಂಬ ನಿಯಮವಿತ್ತು. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತಂಡದಲ್ಲಿ ಆ ಪಟ್ಟ ವಿ.ವಿ.ಎಸ್. ಲಕ್ಷ್ಮಣ್ ಅವರದಾಗಬೇಕಿತ್ತು. ತಂಡದ ಪರ್ಸಿನಲ್ಲಿ ಬೇರೆಯವರನ್ನು ಕೊಳ್ಳಲು ಹಣ ಉಳಿಯಲಿ ಎಂದು ಅವರು ಅದನ್ನು ಬಿಟ್ಟುಕೊಟ್ಟು 3.75 ಲಕ್ಷ ಡಾಲರಿಗೆ ಆಡಿದರು. ಅದೇ ಹರಾಜಿನಲ್ಲಿ ಆ ತಂಡ 7.50 ಲಕ್ಷ ಡಾಲರಿಗೆ ಕೊಂಡವರಲ್ಲಿ ಒಬ್ಬ ಬೊರಿವಲಿಯ ಇಪ್ಪತ್ತರ ಹುಡುಗ, ರೋಹಿತ್ ಶರ್ಮಾ. ನಾಯಕ ಲಕ್ಷ್ಮಣ್‌ಗಿಂತ ಹುಡುಗನಿಗೆ ಎರಡು ಪಟ್ಟು.

ಹನ್ನೆರಡನೆಯ ಶತಮಾನದ ಕಲ್ಯಾಣದ ಕತೆಯೊಂದು ಇದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸದೆ, ತಂದಲ್ಲಿಗೇ ಸುರಿದು ಬರಲು ಹೇಳುತ್ತಾಳೆ. ಅವಳ ಆಕ್ಷೇಪ ಗಳಿಕೆಯ ಮೇಲಲ್ಲ. ಇಂದಿನ ಅಗತ್ಯಕ್ಕೆ ಮೀರಿದ ಆಸೆಯ ಮೇಲೆ. ಇಲ್ಲಿ ಮಿತಿಯನ್ನು ನಿಶ್ಚಯಿಸುವುದು ದೊರೆಯಲ್ಲ, ಮಂಡಳಿಯಲ್ಲ, ಒಲೆ ಹಚ್ಚುವ ಹೆಂಗಸು. ಹಾಗೆಂದು ಈ ಆದರ್ಶವನ್ನು ಎತ್ತಿ ಆಟಗಾರನ ಸಂಬಳ ಕಡಿಮೆ ಮಾಡಲು ಬಳಸುವಂತಿಲ್ಲ. ಲಕ್ಕಮ್ಮನ ಮಾತು ತನ್ನ ಮನೆಗೆ ತಾನು ಹೇಳಿಕೊಂಡದ್ದು. ಅದನ್ನೇ ಮಾಲೀಕ ಕೆಲಸಗಾರನಿಗೆ ಹೇಳಿದರೆ ಶೋಷಣೆ.

ಬೆಲೆ ಮತ್ತು ಯೋಗ್ಯತೆ

ಕೊನೆಗೆ ಉಳಿಯುವುದು ಮನುಷ್ಯನಿಗೆ ಬೆಲೆ ಕಟ್ಟಬಹುದೇ ಎಂಬ ಪ್ರಶ್ನೆ. ಇಮ್ಯಾನುಯಲ್ ಕಾಂಟ್ 1785ರಲ್ಲಿ ಎರಡು ಬಗೆಯನ್ನು ಬೇರ್ಪಡಿಸಿದ. ಒಂದರ ಬದಲಿಗೆ ಇನ್ನೊಂದನ್ನು ಇಡಬಹುದಾದುದಕ್ಕೆ ಬೆಲೆಯಿದೆ. ಬದಲಿ ಇಲ್ಲದ್ದಕ್ಕೆ ಘನತೆಯಿದೆ. ಮನುಷ್ಯ ಎರಡನೆಯ ಬಗೆಗೆ ಸೇರಿದವನು. ಆರಂಭಿಕ ಬ್ಯಾಟರ್ ಎಂಬ ಜಾಗಕ್ಕೆ ಬದಲಿ ಸಿಗುತ್ತಾನೆ, ಆದ್ದರಿಂದ ಅದಕ್ಕೆ ಬೆಲೆ ಇದೆ. ಆ ಜಾಗದಲ್ಲಿ ನಿಂತವನಿಗೆ ಬದಲಿ ಇಲ್ಲ. ಹರಾಜಿನ ಭಾಷೆ ಈ ಎರಡನ್ನೂ ಕಲಸಿಬಿಡುತ್ತದೆ. ‘ಇಂಥವನು ಇಷ್ಟಕ್ಕೆ ಬಿಕರಿ’ ಎಂದು ಪತ್ರಿಕೆಗಳು ಬರೆಯುವಾಗ ಮಾರಾಟವಾದದ್ದು ಒಂದು ಋತುವಿನ ಸೇವೆ ಎಂಬುದು ಓದುವವನಿಗೂ ಮರೆಯುತ್ತದೆ, ಕೆಲವೊಮ್ಮೆ ಆಟಗಾರನಿಗೂ.

ನಿಯಮಗಳೇ ಈ ಕಲಸುಮೇಲೋಗರವನ್ನು ಅಲ್ಲಲ್ಲಿ ಬಿಡಿಸುತ್ತವೆ. ಮಹಾಹರಾಜುಗಳ ನಡುವೆ ಬರುವ ಕಿರುಹರಾಜಿನಲ್ಲಿ ವಿದೇಶಿ ಆಟಗಾರನಿಗೆ ಎಷ್ಟೇ ಕೂಗಿದರೂ ಅವನ ಕೈಗೆ ಸೇರುವುದು ಗರಿಷ್ಠ 18 ಕೋಟಿ. 2025ರ ಡಿಸೆಂಬರಿನಲ್ಲಿ ಅಬುಧಾಬಿಯಲ್ಲಿ ಕೋಲ್ಕತ್ತ ತಂಡ ಕ್ಯಾಮರೂನ್ ಗ್ರೀನ್‌ಗೆ 25.20 ಕೋಟಿ ಕೂಗಿತು. ಪರ್ಸಿನಿಂದ ಹೋದದ್ದು ಅಷ್ಟೂ, ಗ್ರೀನ್‌ಗೆ ಸಲ್ಲುವುದು 18, ಮಿಕ್ಕ 7.20 ಕೋಟಿ ಮಂಡಳಿಯ ಆಟಗಾರರ ಕ್ಷೇಮನಿಧಿಗೆ. ಪೈಪೋಟಿ ಏರಿಸಿದ ಅಂಕಿ ಒಂದು, ಮನುಷ್ಯನಿಗೆ ಸಿಕ್ಕ ಸಂಬಳ ಇನ್ನೊಂದು.

ಶಾರ್ದೂಲ್ ಠಾಕೂರ್‌ಗೆ ಜಿದ್ದಾದಲ್ಲಿ ಬೆಲೆಯೇ ಇರಲಿಲ್ಲ. 2025ರ ಮಾರ್ಚಿನಲ್ಲಿ ಲಖನೌ ತಂಡದ ಮೊಹ್ಸಿನ್ ಖಾನ್ ಗಾಯಗೊಂಡಾಗ ಅವರ ಜಾಗಕ್ಕೆ 2 ಕೋಟಿಗೆ ಕರೆ ಬಂತು. ಎರಡನೆಯ ಪಂದ್ಯದಲ್ಲೇ ಹೈದರಾಬಾದಿನ ವಿರುದ್ಧ 34 ರನ್ನಿಗೆ ನಾಲ್ಕು ವಿಕೆಟ್ ಕಿತ್ತರು. ಅದೇ ವರ್ಷದ ನವೆಂಬರಿನಲ್ಲಿ ಮುಂಬೈ ಇಂಡಿಯನ್ಸ್ ಅವರನ್ನು ಅದೇ 2 ಕೋಟಿಗೆ ತನ್ನಲ್ಲಿಗೆ ಕರೆಸಿಕೊಂಡಿತು. ಒಂದೇ ವರ್ಷದಲ್ಲಿ ಯಾರಿಗೂ ಬೇಡದವನು, ಬದಲಿ, ಬೇಕೆಂದು ಕರೆಸಿಕೊಂಡವನು ಎಂಬ ಮೂರು ಪಾತ್ರ, ಬೌಲರ್ ಒಬ್ಬನೇ. ನಡುವೆ ಬದಲಾದದ್ದು ತಂಡಗಳಲ್ಲಿ ಖಾಲಿಬಿದ್ದ ಜಾಗ. ಬೊರಿವಲಿಯ ಒಂದೇ ಶಾಲೆಯ ಇಬ್ಬರು ಈಗ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿದ್ದಾರೆ, ಒಬ್ಬರಿಗೆ 16.30 ಕೋಟಿ, ಇನ್ನೊಬ್ಬರಿಗೆ 2 ಕೋಟಿ. ಹನ್ನೊಂದರಲ್ಲಿ ಇಬ್ಬರೂ ಇದ್ದ ದಿನ ಇಬ್ಬರಿಗೂ ತಲಾ ಏಳೂವರೆ ಲಕ್ಷ.